ಬಡಾವಣೆಗೊಂದು ಮತಲೆಕ್ಕ

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಸೆಂಟ್ರಲ್ ಕ್ಷೇತ್ರವನ್ನು ಬಿಜೆಪಿಯ ಪಿ.ಸಿ. ಮೋಹನ್ 32,707 ಮತಗಳಿಂದ ಗೆದ್ದರು. ಆ ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಮಹದೇವಪುರ ಒಂದರಲ್ಲೇ ಅವರಿಗೆ ದೊರೆತ ಮುನ್ನಡೆ 1,14,046. ಅಂದರೆ ಉಳಿದ ಏಳರ ಮತಗಳನ್ನಷ್ಟೇ ಕೂಡಿಸಿದ್ದರೆ ಗೆಲುವು ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಅವರದಾಗುತ್ತಿತ್ತು. ಮಹದೇವಪುರದ ಮತದಾರರ ಪಟ್ಟಿಯಲ್ಲಿ ಅಕ್ರಮ ನಡೆದಿದೆ ಎಂದು 2025ರಲ್ಲಿ ರಾಹುಲ್ ಗಾಂಧಿ ಆರೋಪಿಸಿದರು. ಚುನಾವಣಾ ಆಯೋಗ ಅದನ್ನು ಅಲ್ಲಗಳೆಯಿತು.

ಒಂದೇ ನಗರದ ಮತ ಬಡಾವಣೆಯಿಂದ ಬಡಾವಣೆಗೆ ಹೀಗೆ ಒಡೆಯಲು ಊರು ಬೆಳೆದ ರೀತಿಯೇ ಮುಖ್ಯ ಕಾರಣ. ಹಳೆಯ ಪೇಟೆ ಮತ್ತು ಬ್ರಿಟಿಷರ ದಂಡು ಪ್ರದೇಶಗಳು 1949ರವರೆಗೆ ಬೇರೆ ಬೇರೆ ಪುರಸಭೆಗಳ ಆಡಳಿತದಲ್ಲಿದ್ದವು. ಮುಸ್ಲಿಮರು, ಕ್ರೈಸ್ತರು, ತಮಿಳರು ಗಣನೀಯವಾಗಿ ನೆಲೆಸಿದ ದಂಡಿನ ಕಡೆ, ಅಂದರೆ ಶಿವಾಜಿನಗರ, ಪುಲಿಕೇಶಿನಗರ, ಸರ್ವಜ್ಞನಗರಗಳಲ್ಲಿ ಕಾಂಗ್ರೆಸ್ಸಿನ ಬುಡ ಇಂದಿಗೂ ಗಟ್ಟಿ. ದಕ್ಷಿಣದ ಚಿತ್ರವೇ ಬೇರೆ. ಮಧ್ಯಮವರ್ಗದ ಮನೆಗಳು ಹೆಚ್ಚಿರುವ ಬಸವನಗುಡಿ, ಪದ್ಮನಾಭನಗರಗಳು ಬಿಜೆಪಿಯ ಕೋಟೆಗಳು; ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ 1991ರಿಂದ ಆ ಪಕ್ಷದ ಕೈತಪ್ಪಿಲ್ಲ. ಮಹದೇವಪುರ ಈ ಎರಡಕ್ಕೂ ಸೇರದು. ಹಳ್ಳಿಗಳ ನಡುವೆ ಐಟಿ ಕಂಪನಿಗಳೂ ಅಪಾರ್ಟ್‌ಮೆಂಟುಗಳೂ ಎದ್ದು, ಹೊರರಾಜ್ಯಗಳಿಂದ ಬಂದವರು ತುಂಬಿಕೊಂಡ ಜಾಗ ಅದು.

ಹಾಗೆಂದು ಜಾತಿ, ಧರ್ಮ, ವರ್ಗಗಳ ಲೆಕ್ಕ ಹಾಕಿದ ಮಾತ್ರಕ್ಕೆ ಫಲಿತಾಂಶ ತಿಳಿಯದು. ಚುನಾವಣೆ ಯಾವುದು ಎಂಬುದೂ ಅಷ್ಟೇ ಮುಖ್ಯ. 2023ರ ವಿಧಾನಸಭಾ ಚುನಾವಣೆಯಲ್ಲಿ ನಗರದ 28 ಸ್ಥಾನಗಳು ಬಿಜೆಪಿಗೆ 16, ಕಾಂಗ್ರೆಸ್ಸಿಗೆ 12 ಎಂದು ಹಂಚಿಹೋದವು. ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ 105 ಮತಗಳಿಂದ ಗೆದ್ದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅದೇ ಗಾಂಧಿನಗರ ಬಿಜೆಪಿಗೆ ಮುನ್ನಡೆ ಕೊಟ್ಟಿತು. ನೀರು, ಚರಂಡಿ, ಖಾತೆಯ ಕೆಲಸಕ್ಕೆ ಶಾಸಕರ ಬಾಗಿಲು ತಟ್ಟುವ ಮತದಾರರು ದಿಲ್ಲಿಯ ವಿಷಯ ಬಂದಾಗ ಬೇರೆ ಲೆಕ್ಕ ಹಾಕುವುದುಂಟು.

ಮತಗಟ್ಟೆಗೆ ಬರುವವರೆಷ್ಟು ಎಂಬುದು ಇನ್ನೊಂದು ಪ್ರಶ್ನೆ. 2024ರಲ್ಲಿ ರಾಜ್ಯದ ಸರಾಸರಿ ಮತದಾನ ಶೇ. 70ರ ಆಸುಪಾಸಿನಲ್ಲಿದ್ದಾಗ ಬೆಂಗಳೂರಿನ ಉತ್ತರ, ಸೆಂಟ್ರಲ್, ದಕ್ಷಿಣ ಕ್ಷೇತ್ರಗಳು ಶೇ. 55ನ್ನೂ ಮುಟ್ಟಲಿಲ್ಲ. ಇದನ್ನು ಬರೀ ನಗರದವರ ಸೋಮಾರಿತನ ಎಂದು ಜರಿಯುವುದು ಸುಲಭ, ಆದರೆ ಅರ್ಧ ಸತ್ಯ. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ವಿಳಾಸದಲ್ಲೇ ಉಳಿದು ಪಟ್ಟಿ ಉಬ್ಬಿರುತ್ತದೆ. ಎಷ್ಟೋ ಜನರ ಮತ ಇನ್ನೂ ಹುಟ್ಟೂರಿನಲ್ಲೇ ಇರುತ್ತದೆ.

ವಿಧಾನಸಭಾ ಕ್ಷೇತ್ರವೂ ಒಂದೇ ಮನಸ್ಸಿನದಲ್ಲ. ಪ್ರತಿ ಮತಗಟ್ಟೆಯ ಲೆಕ್ಕ ಕೊಡುವ ಫಾರಂ 20ನ್ನು ತೆರೆದರೆ ಒಂದೇ ಕ್ಷೇತ್ರದ ಅಕ್ಕಪಕ್ಕದ ಬೂತುಗಳು ತದ್ವಿರುದ್ಧ ದಿಕ್ಕಿಗೆ ವಾಲಿರುವುದು ಕಾಣಸಿಗುತ್ತದೆ. ಅಚ್ಚುಕಟ್ಟಾದ ಬ್ಲಾಕುಗಳ ಜೊತೆಗೆ ಗುರಪ್ಪನಪಾಳ್ಯದಂಥ ದಟ್ಟ ವಸತಿಯೂ ಸೇರಿರುವ ಜಯನಗರದಲ್ಲಿ 2023ರಲ್ಲಿ ಮರುಎಣಿಕೆಯ ಬಳಿಕ ಬಿಜೆಪಿ ಗೆದ್ದದ್ದು 16 ಮತಗಳಿಂದ.