‘ಅನಂತರ’ ಶಬ್ದವೂ ತಾಯಿಯ ಪಾಲಕತ್ವವೂ

ದಂಪತಿಗಳು ಬೇರೆಯಾದಾಗ ಮಗುವಿನ ವಿಷಯದಲ್ಲಿ ಎರಡು ಪ್ರಶ್ನೆಗಳೇಳುವುವು. ಮಗುವು ಯಾರ ಬಳಿ ಇರತಕ್ಕದ್ದೆಂಬುದು ಅಭಿರಕ್ಷೆಯ ಪ್ರಶ್ನೆ. ಅದರ ಪರವಾಗಿ ರುಜು ಹಾಕಲು ಅಧಿಕಾರವುಳ್ಳವರು ಯಾರೆಂಬುದು ಪಾಲಕತ್ವದ ಪ್ರಶ್ನೆ. ಲೋಕರೂಢಿಯಲ್ಲಿ ಇವೆರಡೂ ಬೆರೆತುಹೋಗಿವೆ.

1956ರ ಹಿಂದೂ ಪಾಲಕತ್ವದ ಕಾಯಿದೆಯ 6ನೆಯ ಕಲಮು, ಐದು ವರ್ಷ ತುಂಬದ ಮಗುವಿನ ಅಭಿರಕ್ಷೆಯು ಸಾಮಾನ್ಯವಾಗಿ ತಾಯಿಗೆ ಸೇರತಕ್ಕದ್ದೆಂದು ವಿಧಿಸಿತು. ಆದರೆ ಸಹಜಪಾಲಕನು ತಂದೆ, ಅವನ ಅನಂತರ ತಾಯಿ ಎಂದಿತು. ಆಂಗ್ಲಮೂಲದ ‘ಆಫ್ಟರ್’ ಎಂಬ ಈ ಪದವನ್ನು ‘ತಂದೆಯು ತೀರಿಕೊಂಡ ಮೇಲೆ’ ಎಂದೇ ಬಹುಮಟ್ಟಿಗೆ ಅರ್ಥಮಾಡುತ್ತಿದ್ದರು. ಸಾಕುವ ಭಾರವೆಲ್ಲ ತಾಯಿಯದು, ರುಜುವಿನ ಅಧಿಕಾರ ಮಾತ್ರ ಅವಳದಲ್ಲ!

1984ರಲ್ಲಿ ಕಾದಂಬರಿಗಾರ್ತಿ ಗೀತಾ ಹರಿಹರನ್ ದಂಪತಿಗಳು, ತಾಯಿಯೇ ಪಾಲಕಿಯೆಂದು ಒಪ್ಪಿ, ಮಗನ ಹೆಸರಿನಲ್ಲಿ ಬಾಂಡುಗಳಿಗೆ ಅರ್ಜಿ ಸಲ್ಲಿಸಿದರು. ರಿಸರ್ವ್ ಬ್ಯಾಂಕು ತಂದೆಯ ರುಜುವನ್ನಾಗಲಿ ನ್ಯಾಯಾಲಯದ ಪ್ರಮಾಣಪತ್ರವನ್ನಾಗಲಿ ಕೇಳಿತು. ವಿವಾಹವಿಚ್ಛೇದನದ ವ್ಯಾಜ್ಯದಲ್ಲಿದ್ದ ವಂದನಾ ಶಿವಾ ಅವರ ಅರ್ಜಿಯೂ ಇದರೊಡನೆ ವಿಚಾರಣೆಗೆ ಬಂದಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಮನ್ನು ರದ್ದುಮಾಡದೆ ವ್ಯಾಖ್ಯಾನದಿಂದಲೇ ಉಳಿಸಿತು: ಅನಂತರವೆಂದರೆ ಅನುಪಸ್ಥಿತಿಯಲ್ಲಿ, ತಂದೆಯ ಉದಾಸೀನ, ಅನಾರೋಗ್ಯ, ಪರಸ್ಪರ ಒಪ್ಪಂದದಿಂದ ಮಗುವನ್ನು ತಾಯಿಗೆ ಬಿಟ್ಟಿರುವುದು, ಇವೆಲ್ಲವೂ ಅನುಪಸ್ಥಿತಿಯೇ. ‘ಅಥ’ಶಬ್ದದ ಆನಂತರ್ಯವನ್ನು ಭಾಷ್ಯಕಾರರು ಅಷ್ಟು ದೀರ್ಘವಾಗಿ ಚರ್ಚಿಸಿದ ದೇಶದಲ್ಲಿ ಇದು ವಿಚಿತ್ರವೇನಲ್ಲ.

ಆದರೂ ವ್ಯಾಖ್ಯಾನಕ್ಕೊಂದು ಮಿತಿಯುಂಟು. ತಂದೆಯು ಮಗುವಿನಲ್ಲಿ ಆಸಕ್ತನಾಗಿರುವಲ್ಲಿ ತಾಯಿಯ ಸ್ಥಾನವು ಎರಡನೆಯದಾಗಿಯೇ ಉಳಿಯಿತು. ಮಗುವಿನ ಕ್ಷೇಮವೇ ಪರಮವೆನ್ನುವ 13ನೆಯ ಕಲಮಿನೊಡನೆ ಇದು ಸುಲಭವಾಗಿ ಹೊಂದುವುದಿಲ್ಲ. 2015ರಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ, ತಾಯಿತಂದೆಗಳಿಬ್ಬರನ್ನೂ ಸಮಾನವಾಗಿ ಸಹಜಪಾಲಕರೆಂದೆಣಿಸಬೇಕೆಂದೂ, ಬೇರ್ಪಟ್ಟವರಿಗೆ ಜಂಟಿ ಅಭಿರಕ್ಷೆಯನ್ನು ವಿಧಿಸಲು ಅವಕಾಶವಿರಬೇಕೆಂದೂ ಶಿಫಾರಸು ಮಾಡಿತು.