ಬಸ್ಸಾಗಿ ಗೆದ್ದ ವೋಲ್ವೊ ಕಾರಾಗಿ ಹಿಂದುಳಿದದ್ದೇಕೆ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ - ಯಾವ ಊರಿನಲ್ಲಿ ಕೇಳಿದರೂ ವೋಲ್ವೊ ಎಂದರೆ ದೂರದೂರಿಗೆ ಹೋಗುವ ಹವಾನಿಯಂತ್ರಿತ ಬಸ್ಸು. ಬೇರೆ ಕಂಪನಿಯ ಏಸಿ ಬಸ್ಸು ಬಂದು ನಿಂತರೂ ಜನ ಅದನ್ನು ವೋಲ್ವೊ ಎಂದೇ ಕರೆಯುವುದುಂಟು. ಸ್ವೀಡನ್ನಿನ ಈ ಹೆಸರು ಹೆಚ್ಚುಕಡಿಮೆ ಕನ್ನಡದ ಪದವೇ ಆಗಿದೆ. ಆದರೆ ಅದೇ ಹೆಸರಿನ ಕಾರು ಈ ಭಾಗದಲ್ಲಿ ಕಾಣಸಿಗುವುದು ಅಪರೂಪ.

ಇದು ಬಾಗಲಕೋಟೆ ಜಿಲ್ಲೆಯೊಂದರ ಮಾತಲ್ಲ. 2023ರಲ್ಲಿ ವೋಲ್ವೊ ದೇಶದಾದ್ಯಂತ ಮಾರಿದ್ದು 2,423 ಕಾರುಗಳನ್ನು ಮಾತ್ರ. ಅದೇ ವರ್ಷ ಮರ್ಸಿಡಿಸ್ ಬೆಂಜ್ 17,408 ಕಾರುಗಳನ್ನು ಮಾರಿತು. ಬಿಎಂಡಬ್ಲ್ಯು 13 ಸಾವಿರ ದಾಟಿತು. ಇಷ್ಟೊಂದು ಪರಿಚಿತ ಹೆಸರು ಕಾರಿನ ಮಾರುಕಟ್ಟೆಯಲ್ಲಿ ಏಕೆ ಫಲ ಕೊಡಲಿಲ್ಲ?

ಒಂದು ಹೆಸರು, ಎರಡು ಒಡೆತನ

ಬಸ್ಸಿನ ವೋಲ್ವೊ ಬೇರೆ, ಕಾರಿನ ವೋಲ್ವೊ ಬೇರೆ ಎಂಬುದು ಅನೇಕರಿಗೆ ತಿಳಿಯದು. ಮೂಲ ಸಂಸ್ಥೆಯು 1999ರಲ್ಲಿ ತನ್ನ ಕಾರು ವಿಭಾಗವನ್ನು ಅಮೆರಿಕದ ಫೋರ್ಡ್‌ಗೆ ಮಾರಿತು. 2010ರಲ್ಲಿ ಅದು ಚೀನಾದ ಗೀಲಿ ಸಂಸ್ಥೆಯ ಪಾಲಾಯಿತು. ಟ್ರಕ್ಕು, ಬಸ್ಸುಗಳು ಮೂಲ ಸಂಸ್ಥೆಯಲ್ಲೇ ಉಳಿದವು. ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿ 1998ರಲ್ಲಿ ಟ್ರಕ್ಕು, 2001ರಲ್ಲಿ ಬಸ್ಸು ತಯಾರಿಕೆ ಆರಂಭವಾಯಿತು. ಹೀಗಾಗಿ 2007ರಲ್ಲಿ ಕಾರು ಭಾರತಕ್ಕೆ ಕಾಲಿಡುವ ವೇಳೆಗೆ ಆ ಹೆಸರು ಬಸ್ಸಿಗೆ ಅಂಟಿಕೊಂಡಾಗಿತ್ತು. ಪ್ರತಿಷ್ಠೆಗಾಗಿ ಐಷಾರಾಮಿ ಕಾರು ಕೊಳ್ಳುವವರಿಗೆ ಬಸ್ಸಿನ ನೆನಪು ತರುವ ಲಾಂಛನ ಅಷ್ಟಾಗಿ ರುಚಿಸುವಂಥದಲ್ಲ.

ಹತ್ತು ವರ್ಷಗಳ ವಿಳಂಬ

ಬಿಎಂಡಬ್ಲ್ಯು 2007ರಲ್ಲೇ ಚೆನ್ನೈ ಬಳಿ ಕಾರು ಜೋಡಣೆ ಆರಂಭಿಸಿತು. ವೋಲ್ವೊ ಕಾರಿನ ಜೋಡಣೆ ಹೊಸಕೋಟೆಯಲ್ಲಿ ಶುರುವಾದದ್ದು 2017ರಲ್ಲಿ. ಅಲ್ಲಿಯವರೆಗೆ ಪ್ರತಿ ಕಾರೂ ಸಿದ್ಧರೂಪದಲ್ಲಿ ಹಡಗಿನಲ್ಲಿ ಬರಬೇಕಿತ್ತು. ಹಾಗೆ ಬರುವ ಕಾರಿನ ಮೇಲೆ ಭಾರತ ವಿಧಿಸುವ ಸುಂಕ ಅತಿ ಭಾರ. 40 ಸಾವಿರ ಡಾಲರ್ ಮೀರಿದ ಕಾರಿಗೆ 2023ರಲ್ಲಿ ಅದು ಶೇ. 100 ಇತ್ತು. ಬಿಡಿಭಾಗಗಳನ್ನು ತಂದು ಇಲ್ಲಿ ಜೋಡಿಸಿದರೆ ಸುಂಕ ಬಹಳಷ್ಟು ಇಳಿಯುತ್ತದೆ. ಈ ಹತ್ತು ವರ್ಷಗಳಲ್ಲಿ ಎದುರಾಳಿಗಳು ಮಾರುಕಟ್ಟೆಯಲ್ಲಿ ನೆಲೆಯೂರಿದರು.

ಕಡಿಮೆ ಮಾರಾಟವೇ ಮತ್ತೊಂದು ತೊಡಕನ್ನೂ ತರುತ್ತದೆ. ಗ್ರಾಹಕರು ಕಡಿಮೆಯಾದರೆ ಮಳಿಗೆಗಳೂ ಕಡಿಮೆ. ಕೆಂಪು ಗ್ರಾನೈಟ್ ಉದ್ಯಮದಿಂದ ಬೆಳೆದ ಇಳಕಲ್‌ನಂಥ ಊರಿನಲ್ಲಿ ಹಣವಂತರಿಲ್ಲವೆಂದಲ್ಲ. ಆದರೆ ದುರಸ್ತಿಗಾಗಿ ಕಾರನ್ನು ದೂರದ ಮಹಾನಗರಕ್ಕೆ ಒಯ್ಯಬೇಕೆಂದರೆ, ಮರುಮಾರಾಟದ ಬೆಲೆಯನ್ನೂ ಯೋಚಿಸಬೇಕೆಂದರೆ, ಎಂಥವರೂ ಹಿಂಜರಿಯುತ್ತಾರೆ.

ಸುರಕ್ಷತೆಯ ಲೆಕ್ಕ

ಬಸ್ಸು ಗೆದ್ದ ಗುಟ್ಟು ಬೆಲೆಯ ಹಂಚಿಕೆಯಲ್ಲಿದೆ. ದುಬಾರಿ ಬಸ್ಸಿನ ವೆಚ್ಚವನ್ನು ಸಾವಿರಾರು ಪ್ರಯಾಣಿಕರು ಟಿಕೆಟ್ ಮೂಲಕ ಹಂಚಿಕೊಳ್ಳುತ್ತಾರೆ. ಕಾರಿನಲ್ಲಿ ಅದೇ ಸುಖ, ಅದೇ ಭದ್ರತೆಯ ಪೂರ್ತಿ ಹೊರೆಯನ್ನು ಒಬ್ಬನೇ ಹೊರಬೇಕು. ವೋಲ್ವೊ ಕಾರಿನ ಮುಖ್ಯ ಬಂಡವಾಳವೇ ಸುರಕ್ಷತೆ. ಆದರೆ 2018ರಲ್ಲಿ ಟಾಟಾ ನೆಕ್ಸಾನ್ ಜಾಗತಿಕ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೇಲೆ, ಅದನ್ನು ಮಧ್ಯಮ ವರ್ಗದ ಬೆಲೆಯಲ್ಲೂ ಕೊಳ್ಳಬಹುದೆಂದು ಜನರಿಗೆ ಮನವರಿಕೆಯಾಯಿತು.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಸುರಕ್ಷತೆಯು ಕೋಟಿ ರೂಪಾಯಿ ಕಾರಿನ ಸೊತ್ತಾಗಿ ಉಳಿದರೆ ಈ ಸಂಖ್ಯೆ ಇಳಿಯದು. 1959ರಲ್ಲಿ ವೋಲ್ವೊ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಕಂಪನಿ ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತ್ತು. ವೋಲ್ವೊ ಕಾರು ತಲುಪದ ಊರುಗಳಿಗೂ ಆ ಬೆಲ್ಟು ತಲುಪಿದೆ. ಹುನಗುಂದ-ಇಳಕಲ್ ಹೆದ್ದಾರಿಯಲ್ಲಿ ಓಡುವ ಸಾಮಾನ್ಯ ಕಾರಿನಲ್ಲೂ ಅದು ಇದೆ. ಅದನ್ನು ಬಿಗಿದುಕೊಳ್ಳುವ ಕೆಲಸ ಮಾತ್ರ ನಮ್ಮದು.