1870ರ ಗೋಡೆಯಾಚೆಯ ಹೆಸರುಗಳು: ನಿಕೊಡೆಮಸ್‌ನ ಪೂರ್ವಿಕರನ್ನು ಅರಸುವ ಬಗೆ

ಅಮೆರಿಕದ ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ, ಸೊಲೊಮನ್ ನದಿಯ ಬಳಿಯ ಹುಲ್ಲುಗಾವಲಿನಲ್ಲಿ ನಿಕೊಡೆಮಸ್ ಎಂಬ ಪುಟ್ಟ ಊರಿದೆ. 1877ರಲ್ಲಿ ಅಲ್ಲಿಗೆ ಮೊದಲು ಬಂದು ನೆಲೆಯೂರಿದವರು ಕೆಂಟಕಿ ರಾಜ್ಯದ ಆಫ್ರಿಕನ್ ಅಮೆರಿಕನ್ನರು. ಅವರಲ್ಲಿ ಬಹುತೇಕರು 1865ರವರೆಗೆ ಗುಲಾಮರಾಗಿದ್ದವರು. ಮನೆ ಕಟ್ಟಲು ಮರವಿಲ್ಲದ ಆ ಬಯಲಿನಲ್ಲಿ ನೆಲವನ್ನು ಅಗೆದು, ಗುಳಿಯ ಮೇಲೆ ಮಾಡು ಹೊದಿಸಿಕೊಂಡು ಅವರು ಮೊದಲ ಚಳಿಗಾಲವನ್ನು ಕಳೆದರು. 1888ರಲ್ಲಿ ರೈಲುಮಾರ್ಗ ಊರನ್ನು ಬಿಟ್ಟು ಬೇರೆಡೆಗೆ ಹೋದಾಗ ವ್ಯಾಪಾರ ಕುಸಿಯಿತು, ಜನ ಚದುರಿದರು. ಆದರೂ ಊರು ಅಳಿಯಲಿಲ್ಲ. 1996ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಮೊದಲ ನಿವಾಸಿಗಳ ವಂಶಸ್ಥರು ಪ್ರತಿ ವರ್ಷ ಜುಲೈ ಕೊನೆಯಲ್ಲಿ ಅಲ್ಲಿ ಒಟ್ಟುಗೂಡುತ್ತಾರೆ.

ಈ ವಂಶಸ್ಥರಿಗೆ ತಮ್ಮ ಹಿರಿಯರು ಕ್ಯಾನ್ಸಸ್‌ಗೆ ಬಂದ ಬಗೆ ತಿಳಿದಿರಬಹುದು. ಆದರೆ ಆ ಹಿರಿಯರ ತಂದೆತಾಯಿಗಳು ಯಾರು, ಅವರು ಎಲ್ಲಿ, ಯಾರ ಒಡೆತನದಲ್ಲಿದ್ದರು ಎಂಬುದನ್ನು ತಿಳಿಯುವುದು ಸುಲಭವಲ್ಲ. ಗುಲಾಮರನ್ನು ವ್ಯಕ್ತಿಗಳೆಂದಲ್ಲ, ಆಸ್ತಿಯೆಂದು ಬರೆದಿಟ್ಟ ಕಾಲವದು. ಇಂತಹ ಶೋಧನೆಯಲ್ಲಿ ಮುಖ್ಯವಾಗಿ ನೆರವಿಗೆ ಬರುವುದು ಮೂರು ಬಗೆಯ ದಾಖಲೆಗಳು: ಮರಣ ದಾಖಲೆ, ಜನಗಣತಿ ಮತ್ತು ಸೇನಾ ದಾಖಲೆ. ಇವುಗಳಲ್ಲಿ ಒಂದನ್ನೇ ನಂಬಿ ಹೊರಟವರು ದಾರಿ ತಪ್ಪುವ ಸಂಭವವೇ ಹೆಚ್ಚು.

ಮರಣದಿಂದ ಆರಂಭ

ವಂಶಶೋಧನೆ ಇಂದಿನಿಂದ ಹಿಂದಕ್ಕೆ ಸಾಗಬೇಕೆಂಬುದು ಮೊದಲ ನಿಯಮ. ಆದ್ದರಿಂದ ಮೊದಲು ನೋಡಬೇಕಾದದ್ದು ಮರಣ ಪ್ರಮಾಣಪತ್ರ. ಕ್ಯಾನ್ಸಸ್‌ನಲ್ಲಿ ರಾಜ್ಯಮಟ್ಟದ ಮರಣ ನೋಂದಣಿ 1911ರ ಜುಲೈನಲ್ಲಿ ಆರಂಭವಾಯಿತು. ಸಾವಿನ ದಿನ ಮತ್ತು ಕಾರಣ, ಹುಟ್ಟಿದ ಸ್ಥಳ, ತಂದೆಯ ಹೆಸರು, ತಾಯಿಯ ತವರಿನ ಹೆಸರು, ಸಮಾಧಿಯ ಸ್ಥಳ ಇವೆಲ್ಲ ಅದರಲ್ಲಿರುತ್ತವೆ.

ಆದರೆ ಈ ವಿವರಗಳೆಲ್ಲ ಒಂದೇ ತೂಕದವಲ್ಲ. ಸಾವಿನ ದಿನ ಮತ್ತು ಕಾರಣವನ್ನು ಬರೆದವರು ವೈದ್ಯರು. ಹುಟ್ಟು ಮತ್ತು ಹೆತ್ತವರ ವಿವರವನ್ನು ಹೇಳಿದವರು ಸಾಮಾನ್ಯವಾಗಿ ಮಗ, ಮಗಳು ಅಥವಾ ಅಳಿಯ. ತಾವು ಎಂದೂ ಕಾಣದ ಅಜ್ಜ ಅಜ್ಜಿಯರ ಹೆಸರನ್ನು ಅವರು ಕೇಳಿದ ನೆನಪಿನಿಂದ ಹೇಳಿರುತ್ತಾರೆ. ಆದ್ದರಿಂದ ಪ್ರಮಾಣಪತ್ರದಲ್ಲಿ ಮಾಹಿತಿ ನೀಡಿದವರು ಯಾರು ಎಂಬ ಸಾಲನ್ನು ಮೊದಲು ಓದುವುದು ಒಳಿತು.

1911ಕ್ಕೆ ಮೊದಲು ತೀರಿಕೊಂಡವರ ವಿಷಯದಲ್ಲಿ ಸ್ಥಳೀಯ ಪತ್ರಿಕೆಗಳೂ ಸಮಾಧಿಕಲ್ಲುಗಳೂ ಆಧಾರ. ಖಾಸಗಿ ಸ್ಮಶಾನದಲ್ಲಿ ಹೂಳಲ್ಪಟ್ಟ ಅಂತರ್ಯುದ್ಧದ ಯೋಧರಿಗೂ ಸರಕಾರವೇ ಕಲ್ಲು ಒದಗಿಸುವ ಕಾನೂನು 1879ರಲ್ಲಿ ಬಂದಿತು. ಗುರಾಣಿಯ ಆಕಾರದ ಚೌಕಟ್ಟಿನಲ್ಲಿ ಹೆಸರು, ಕಂಪನಿ ಮತ್ತು ರೆಜಿಮೆಂಟನ್ನು ಕೊರೆದಿರುವ ಇಂತಹ ಒಂದು ಕಲ್ಲು ಸಿಕ್ಕರೂ ಸಾಕು, ಸೇನಾ ದಾಖಲೆಯ ಬಾಗಿಲು ತೆರೆಯುತ್ತದೆ.

ಜನಗಣತಿಯ ಬೆಳಕು, ಕತ್ತಲೆ

ಭಾರತದಲ್ಲಿ 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಗಳ ವಿವರಗಳು ಗೋಪ್ಯ. ಅಮೆರಿಕದಲ್ಲಿ 72 ವರ್ಷಗಳ ನಂತರ ಮನೆಮನೆಯ ಮೂಲ ಹಾಳೆಗಳೇ ಸಾರ್ವಜನಿಕರಿಗೆ ಮುಕ್ತವಾಗುತ್ತವೆ. 1950ರ ಗಣತಿ 2022ರ ಏಪ್ರಿಲ್‌ನಲ್ಲಿ ಹೀಗೆ ಬಿಡುಗಡೆಗೊಂಡಿತು.

ನಿಕೊಡೆಮಸ್‌ನ ಮೊದಲ ಗಣತಿ ನಡೆದದ್ದು 1880ರಲ್ಲಿ. ಮನೆಯ ಯಜಮಾನನೊಂದಿಗೆ ಪ್ರತಿಯೊಬ್ಬರ ಸಂಬಂಧವನ್ನೂ ಹೆತ್ತವರು ಹುಟ್ಟಿದ ರಾಜ್ಯವನ್ನೂ ಅದರಲ್ಲಿ ದಾಖಲಿಸಲಾಗಿದೆ. ಕ್ಯಾನ್ಸಸ್ ರಾಜ್ಯವೇ ನಡೆಸಿದ 1885ರ ಗಣತಿ ಇನ್ನೂ ಉಪಯುಕ್ತ: ಎಲ್ಲಿಂದ ಕ್ಯಾನ್ಸಸ್‌ಗೆ ಬಂದರು ಎಂಬುದರ ಜತೆಗೆ ಸೇನಾ ಸೇವೆಯ ವಿವರವನ್ನೂ ಅದು ಕೇಳಿತ್ತು. 1890ರ ಗಣತಿಯ ಬಹುಭಾಗ 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಸಂಭವಿಸಿದ ಬೆಂಕಿ ಅನಾಹುತದಿಂದಲೂ ಆ ನಂತರದ ನಿರ್ಲಕ್ಷ್ಯದಿಂದಲೂ ನಾಶವಾಯಿತು. ಆ ವರ್ಷ ಯೋಧರು ಮತ್ತು ಅವರ ವಿಧವೆಯರಿಗಾಗಿ ತಯಾರಿಸಿದ ಪ್ರತ್ಯೇಕ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕೆಂಟಕಿಯ ಒಂದು ಭಾಗದಿಂದ ಮುಂದಿನ ರಾಜ್ಯಗಳ ಹಾಳೆಗಳು ಉಳಿದಿವೆ. ಅದಕ್ಕಿಂತ ಮೊದಲೇ ಬರುವ ಕ್ಯಾನ್ಸಸ್‌ನ ಹಾಳೆಗಳು ಬಹುತೇಕ ಕಳೆದುಹೋಗಿವೆ. ಹೀಗಾಗಿ 1885ರ ರಾಜ್ಯ ಗಣತಿಯ ಬೆಲೆ ಮತ್ತಷ್ಟು ಹೆಚ್ಚಿದೆ.

1870ಕ್ಕಿಂತ ಹಿಂದಕ್ಕೆ ಹೋಗಲೆತ್ನಿಸಿದಾಗ ಶೋಧಕರು ಗೋಡೆಯೊಂದಕ್ಕೆ ಹಾಯುತ್ತಾರೆ. 1850 ಮತ್ತು 1860ರ ಗಣತಿಗಳಲ್ಲಿ ಸ್ವತಂತ್ರರೆಲ್ಲರ ಹೆಸರಿದೆ. ಗುಲಾಮರಿಗಾಗಿ ಬೇರೆ ಹಾಳೆಗಳಿವೆ. ಅವುಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ ಮತ್ತು ಬಣ್ಣ ಮಾತ್ರ. ಹೆಸರು ಕಾಣುವುದು ತೀರಾ ವಿರಳ. ಬಿಡುಗಡೆ ಹೊಂದಿದವರೆಲ್ಲರನ್ನೂ ಹೆಸರು ಹಿಡಿದು ಬರೆದ ಮೊದಲ ರಾಷ್ಟ್ರೀಯ ಗಣತಿ 1870ರದು.

ಅನುಮಾನ ಉಳಿಸಿದ ಸಾಕ್ಷ್ಯ

ಈ ಗೋಡೆಯನ್ನು ದಾಟಲು ಇರುವ ಉತ್ತಮ ದಾರಿಗಳಲ್ಲಿ ಸೇನಾ ದಾಖಲೆಯೂ ಒಂದು. ಕೆಂಟಕಿ ಒಕ್ಕೂಟದಲ್ಲಿಯೇ ಉಳಿದ ರಾಜ್ಯವಾದ್ದರಿಂದ ಲಿಂಕನ್ ಅವರ 1863ರ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸಲಿಲ್ಲ. ಅಲ್ಲಿನ ಗುಲಾಮ ಪುರುಷರಿಗೆ ಬಿಡುಗಡೆಯ ಮುಖ್ಯ ಮಾರ್ಗವಾದದ್ದು ಸೇನೆಗೆ ಸೇರುವುದು. 1864ರಿಂದ ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ ಸಾವಿರಾರು ಜನ ಹೀಗೆ ಸೈನಿಕರಾದರು. ಅವರ ಪತ್ನಿ ಮತ್ತು ಮಕ್ಕಳಿಗೂ ಸ್ವಾತಂತ್ರ್ಯ ನೀಡುವ ಕಾನೂನು 1865ರ ಮಾರ್ಚ್‌ನಲ್ಲಿ ಬಂದಿತು. ಇಡೀ ಯುದ್ಧದಲ್ಲಿ ಒಕ್ಕೂಟದ ಸೇನೆಯಲ್ಲಿ ಸೇವೆ ಸಲ್ಲಿಸಿದ ಆಫ್ರಿಕನ್ ಅಮೆರಿಕನ್ನರು ಸುಮಾರು 1,79,000.

ಇವರ ಸೇವಾ ದಾಖಲೆಗಳು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸೈನಿಕನ ವಯಸ್ಸು, ಎತ್ತರ, ಹುಟ್ಟಿದ ಕೌಂಟಿ ಅವುಗಳಲ್ಲಿ ಸಿಗುತ್ತವೆ. ಒಕ್ಕೂಟಕ್ಕೆ ನಿಷ್ಠರಾದ ಒಡೆಯರು ತಮ್ಮ ಗುಲಾಮ ಸೇನೆ ಸೇರಿದ್ದಕ್ಕೆ ಪರಿಹಾರ ಕೇಳಬಹುದಿತ್ತು. ಅದರಿಂದಾಗಿ ಕೆಲವು ಕಡತಗಳಲ್ಲಿ ಒಡೆಯನ ಹೆಸರೂ ಒಡೆತನದ ಪುರಾವೆಯೂ ಸೇರಿವೆ.

ಎಲ್ಲಕ್ಕಿಂತ ಮಿಗಿಲಾದದ್ದು ಪಿಂಚಣಿ ಕಡತ. ಯೋಧನ ವಿಧವೆ ಪಿಂಚಣಿ ಕೇಳಿದಾಗ ಮದುವೆಯ ಪುರಾವೆ ಕೊಡಬೇಕಿತ್ತು. ಆದರೆ ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಕಾಗದ ಬರುವುದಾದರೂ ಎಲ್ಲಿಂದ? ಆಗ ಮದುವೆಯನ್ನು ಕಂಡವರು, ಹೆರಿಗೆ ಮಾಡಿಸಿದ ಸೂಲಗಿತ್ತಿ, ಜತೆಯಲ್ಲಿ ಕಾದಾಡಿದ ಸೈನಿಕರು, ಕೆಲವೊಮ್ಮೆ ಹಳೆಯ ಒಡೆಯನ ಮನೆಯವರೂ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಸಂಶಯ ಬಂದೆಡೆಗೆ ಪಿಂಚಣಿ ಇಲಾಖೆ ವಿಶೇಷ ಪರೀಕ್ಷಕರನ್ನು ಕಳುಹಿಸಿತು. ಒಡೆಯನ ಅಡ್ಡಹೆಸರಿನಲ್ಲಿ ಸೇನೆಗೆ ಸೇರಿ, ಅನಂತರ ತಂದೆಯ ಹೆಸರನ್ನು ಇಟ್ಟುಕೊಂಡವರು ತಾವು ಒಬ್ಬರೇ ಎಂದು ಸಾಬೀತು ಮಾಡಬೇಕಾಯಿತು. ಈ ವಿಚಾರಣೆಗಳು ಅರ್ಜಿದಾರರಿಗೆ ಅವಮಾನಕರವಾಗಿದ್ದಿರಬಹುದು. ಆದರೆ ಅಕ್ಷರ ಕಲಿಯಲು ಅವಕಾಶವೇ ಸಿಗದಿದ್ದವರ ಬಾಳಿನ ಕಥೆ, ಅವರದೇ ಬಾಯಿಂದ ಕೇಳಿ ಬರೆದುಕೊಂಡ ರೂಪದಲ್ಲಿ ಉಳಿದದ್ದು ಈ ಅನುಮಾನದ ಫಲವಾಗಿಯೇ.

ಜಮೀನಿನ ಕಡತವೂ ಇಲ್ಲಿ ಕೈಜೋಡಿಸುತ್ತದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆಯವರೆಗೆ ಭೂಮಿ ದೊರೆಯುತ್ತಿತ್ತು. 1872ರ ಕಾನೂನಿನಂತೆ ಯೋಧರು ತಮ್ಮ ಸೇವಾವಧಿಯನ್ನು ಆ ಐದು ವರ್ಷಗಳಲ್ಲಿ ಕಳೆದುಕೊಳ್ಳಬಹುದಿತ್ತು. ಹಕ್ಕು ಸಾಧಿಸಲು ಇಬ್ಬರು ಸಾಕ್ಷಿಗಳು ಬೇಕಾಗಿತ್ತು. ಅವರು ಸಾಮಾನ್ಯವಾಗಿ ನೆರೆಹೊರೆಯವರು, ಹಲವು ಬಾರಿ ನೆಂಟರು.

ಗೋಡೆಯಾಚೆ

ಪಿಂಚಣಿ ಕಡತದಲ್ಲಿ ಒಡೆಯನ ಹೆಸರೂ ಕೌಂಟಿಯ ಹೆಸರೂ ಸಿಕ್ಕಿತೆಂದರೆ ಶೋಧನೆ ಕೆಂಟಕಿಯ ನ್ಯಾಯಾಲಯಗಳ ದಾಖಲೆಗಳತ್ತ ತಿರುಗುತ್ತದೆ. ಒಡೆಯರ ಉಯಿಲು, ಮರಣಾನಂತರದ ಆಸ್ತಿಪಟ್ಟಿ, ಕ್ರಯಪತ್ರಗಳಲ್ಲಿ ಗುಲಾಮರ ಹೆಸರುಗಳು ಕುದುರೆ, ಪಾತ್ರೆಪಗಡಗಳ ಸಾಲಿನಲ್ಲಿ ಬೆಲೆಸಹಿತ ಕಾಣಿಸುತ್ತವೆ. 1860ರ ಹಾಳೆಯಲ್ಲಿ ಆ ಒಡೆಯನ ಕೆಳಗೆ ಇರುವ ಹೆಸರಿಲ್ಲದ ವಯಸ್ಸುಗಳನ್ನು ಈ ಹೆಸರುಗಳೊಂದಿಗೆ ತಾಳೆ ನೋಡಬಹುದು.

ಇಲ್ಲಿ ಆತುರ ಸಲ್ಲದು. ವಯಸ್ಸು ಒಂದು ಗಣತಿಯಿಂದ ಇನ್ನೊಂದಕ್ಕೆ ಕೆಲವು ವರ್ಷ ಹೆಚ್ಚುಕಡಿಮೆಯಾಗುವುದು ಸಾಮಾನ್ಯ. ಹೆಸರಿನ ಕಾಗುಣಿತ ಬರೆದವನ ಕಿವಿಗೆ ತಕ್ಕಂತೆ ಬದಲಾಗುತ್ತದೆ. ಒಂದೇ ಹೆಸರಿನ ಇಬ್ಬರು ಸೈನಿಕರಿದ್ದರೆ ಪತ್ನಿ, ಮಕ್ಕಳು ಮತ್ತು ಸಾಕ್ಷಿಗಳ ಹೆಸರುಗಳೇ ಅವರನ್ನು ಬೇರ್ಪಡಿಸಬೇಕು. ಒಂದು ದಾಖಲೆ ಹೇಳಿದ್ದನ್ನು, ಬೇರೆ ಉದ್ದೇಶಕ್ಕಾಗಿ ಬೇರೆಯವರು ಬರೆದ ಇನ್ನೊಂದು ದಾಖಲೆ ಒಪ್ಪಿದಾಗ ಮಾತ್ರ ಸಂಬಂಧ ನಿಶ್ಚಿತವೆನ್ನಬಹುದು. ಹಾಗೆ ನಿಶ್ಚಿತವಾದಾಗ, 1860ರ ಹಾಳೆಯಲ್ಲಿ ಬರೀ ವಯಸ್ಸಾಗಿದ್ದ ಹೆಣ್ಣೊಬ್ಬಳು ನಿಕೊಡೆಮಸ್‌ನ ಮನೆತನವೊಂದರ ಮುತ್ತಜ್ಜಿಯಾಗಿ, ತನ್ನ ಹೆಸರಿನೊಡನೆ ವಂಶವೃಕ್ಷಕ್ಕೆ ಮರಳುತ್ತಾಳೆ.